ಸ್ಪ್ರೇ ಹೊಡೆದರಷ್ಟೇ ಏಳುವ ಜೀಪು

ಪ್ರಶ್ನೆ: ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಹದಿನೇಳು ವರ್ಷದ ಹಳೆಯ ಡೀಸೆಲ್ ಜೀಪು ಇದೆ. ಡಿಸೆಂಬರ್ ಹಿಡಿದಾಗಿನಿಂದ ಬೆಳಿಗ್ಗೆ ಸ್ಟಾರ್ಟ್ ಆಗುವುದೇ ಕಷ್ಟವಾಗಿದೆ. ಆರೇಳು ಸಲ ಸೆಲ್ಫ್ ಹೊಡೆದ ಮೇಲೆ ಬಿಳಿ ಹೊಗೆ ಉಗುಳಿಕೊಂಡು ಗಡಗಡ ನಡುಗುತ್ತಾ ಏಳುತ್ತದೆ, ಅರ್ಧ ನಿಮಿಷದಲ್ಲಿ ಸರಿಹೋಗುತ್ತದೆ. ಮಧ್ಯಾಹ್ನವಾದರೆ ಕೀಲಿ ಮುಟ್ಟಿದರೆ ಸಾಕು. ಪೇಟೆಯ ಗ್ಯಾರೇಜಿನವರು ಏರ್ ಫಿಲ್ಟರ್ ಬಿಚ್ಚಿ ಒಂದು ಸ್ಪ್ರೇ ಹೊಡೆದರು, ತಕ್ಷಣ ಎದ್ದಿತು. ಡಬ್ಬಿಯನ್ನು ನನ್ನ ಕೈಗೇ ಕೊಟ್ಟು, ಚಳಿ ಮುಗಿಯುವವರೆಗೆ ದಿನಾ ಸ್ವಲ್ಪ ಹೊಡೆಯಿರಿ ಎಂದರು. ಹೀಗೆ ಮಾಡಬಹುದೇ? ಮೂರು ತಿಂಗಳಿಂದ ಶೆಡ್‌ನಲ್ಲಿ ನಿಂತಿರುವ ಪೆಟ್ರೋಲ್ ಕಾರಿಗೂ ಅದನ್ನೇ ಬಳಸಬಹುದೇ? ಎಂಜಿನ್ ಬಾಳಿಕೆ ಬರಲು ಮನೆಯಲ್ಲಿ ಏನು ನೋಡಿಕೊಳ್ಳಬೇಕು?

ಉತ್ತರ: ಜೀಪಿಗೆ ಬೇಡ. ನಾಳೆ ಬೆಳಿಗ್ಗೆಯೂ ಬೇಡ. ಕಾರಿನ ವಿಷಯ ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಆ ಡಬ್ಬಿಯಲ್ಲಿ ಏನಿದೆ ಎಂಬುದನ್ನು ಮೊದಲು ನೋಡೋಣ. ಅದರಲ್ಲಿ ಮುಖ್ಯವಾಗಿ ಇರುವುದು ಈಥರ್, ಜೊತೆಗೆ ಬೇಗ ಆವಿಯಾಗುವ ಒಂದೆರಡು ಪೆಟ್ರೋಲಿಯಂ ದ್ರವಗಳು. ಹಿಂದೆ ಆಸ್ಪತ್ರೆಗಳಲ್ಲಿ ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿಯನ್ನು ಪ್ರಜ್ಞೆ ತಪ್ಪಿಸಲು ಬಳಸುತ್ತಿದ್ದ ಈಥರ್ ಇದೇ. ಅಲ್ಲಿ ಮನುಷ್ಯರನ್ನು ಮಲಗಿಸುತ್ತಿದ್ದುದು ಇಲ್ಲಿ ಎಂಜಿನ್ನನ್ನು ಎಬ್ಬಿಸುತ್ತದೆ. ಇದು 35 ಡಿಗ್ರಿಗೆಲ್ಲ ಕುದಿಯುತ್ತದೆ. ಮೈನಸ್ 45 ಡಿಗ್ರಿ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಕಿಡಿಯೇ ಇಲ್ಲದಿದ್ದರೂ 160ರಿಂದ 180 ಡಿಗ್ರಿ ಬಿಸಿ ಸಿಕ್ಕರೆ ತಾನಾಗಿಯೇ ಹೊತ್ತುತ್ತದೆ. ಪೆಟ್ರೋಲ್ ಆವಿಯಾಗದ, ಡೀಸೆಲ್ ಹೊತ್ತಲು ಒಪ್ಪದ ಹಿಮಪ್ರದೇಶಗಳಿಗೆ ಇದು ಹೇಳಿ ಮಾಡಿಸಿದ ವಸ್ತು.

ನಮ್ಮ ಚಳಿಯನ್ನು ಅದರ ಪಕ್ಕದಲ್ಲಿಟ್ಟು ನೋಡಿ. ಬೆಂಗಳೂರಿನಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ನಿಮ್ಮ ತೋಟದಲ್ಲಿ ಮುಂಜಾನೆ ಹತ್ತು ಹನ್ನೆರಡು ಡಿಗ್ರಿಗೆ ಇಳಿದರೆ ಕಂಬಳಿ ಬಿಟ್ಟು ಏಳಲು ನಮಗೆ ಮನಸ್ಸು ಬರುವುದಿಲ್ಲ, ನಿಜ. ಆದರೆ ಎಂಜಿನ್ನಿಗೆ ಅದು ಚಳಿಯೇ ಅಲ್ಲ. ಲಡಾಖ್‌ನ ಚಳಿ ಎಂತಹದೆಂದರೆ, 2019ರಲ್ಲಿ ಇಂಡಿಯನ್ ಆಯಿಲ್ ಸಂಸ್ಥೆ ಅಲ್ಲಿಗೆಂದೇ ಮೈನಸ್ 33 ಡಿಗ್ರಿಯವರೆಗೂ ಗಟ್ಟಿಯಾಗದ ಡೀಸೆಲ್ ಬಿಡುಗಡೆ ಮಾಡಬೇಕಾಯಿತು. ಅಂತಹ ಕಡೆ ಆರೋಗ್ಯವಾಗಿರುವ ಎಂಜಿನ್ನೂ ಸಹಾಯ ಕೇಳಬಹುದು. ಮೂಡಿಗೆರೆಯಲ್ಲಿ ಕೇಳಿದರೆ ಅದಕ್ಕೆ ಏನೋ ಕಾಯಿಲೆ ಇದೆ ಎಂದೇ ಲೆಕ್ಕ. ಸ್ಪ್ರೇ ಆ ಕಾಯಿಲೆಯನ್ನು ಮುಚ್ಚಿಡುತ್ತದೆ, ಮೇಲೊಂದು ಹೊಸದನ್ನೂ ಅಂಟಿಸುತ್ತದೆ.

ಹೇಗೆ ಎಂದರೆ, ಡೀಸೆಲ್ ಎಂಜಿನ್ನಿನಲ್ಲಿ ಸ್ಪಾರ್ಕ್ ಪ್ಲಗ್ ಇಲ್ಲ. ಪಿಸ್ಟನ್ ಗಾಳಿಯನ್ನು ಇಪ್ಪತ್ತರಲ್ಲಿ ಒಂದು ಪಾಲಿನಷ್ಟು ಜಾಗಕ್ಕೆ ಒತ್ತುತ್ತದೆ. ಒತ್ತಿದ ಗಾಳಿ ಐದು ನೂರು ಡಿಗ್ರಿಗೂ ಮೇಲೆ ಕಾಯುತ್ತದೆ. ಪಿಸ್ಟನ್ ಇನ್ನೇನು ತುದಿ ಮುಟ್ಟಬೇಕು ಎನ್ನುವಾಗ ಪಂಪ್ ಲೆಕ್ಕ ಹಾಕಿದಂತೆ ಡೀಸೆಲ್ ಚಿಮ್ಮಿಸುತ್ತದೆ, ಅದು ಹೊತ್ತಿ ಪಿಸ್ಟನ್ನನ್ನು ಕೆಳಕ್ಕೆ ತಳ್ಳುತ್ತದೆ. ಯಾವಾಗ ಹೊತ್ತಬೇಕು ಎಂಬುದು ಪಂಪಿನ ಕೈಯಲ್ಲಿದೆ. ಈಥರ್‌ಗೆ ಈ ಶಿಸ್ತು ಇಲ್ಲ. ಅದು ಗಾಳಿಯ ಜೊತೆಗೇ ಒಳಗೆ ಬಂದು ಕುಳಿತಿರುತ್ತದೆ. ಪಿಸ್ಟನ್ ಇನ್ನೂ ಅರ್ಧ ದಾರಿಯಲ್ಲಿ ಮೇಲೇರುತ್ತಿರುವಾಗಲೇ ಅದಕ್ಕೆ ಬೇಕಾದ ಬಿಸಿ ಸಿಕ್ಕಿಬಿಡುತ್ತದೆ. ಆಗ ಮೇಲೇರುವ ಪಿಸ್ಟನ್ನಿನ ತಲೆಗೆ ಎದುರಿನಿಂದ ಸುತ್ತಿಗೆ ಏಟು ಬಿದ್ದಂತೆ. ಸ್ಪ್ರೇ ಹೊಡೆದಾಗ ಕೇಳುವ ‘ಟಣ್’ ಎನ್ನುವ ಸದ್ದು ಅದೇ. ಕೆಲವರು ಅದನ್ನು ಕೇಳಿ ಎಂಜಿನ್ನಿಗೆ ಶಕ್ತಿ ಬಂತು ಎಂದು ಖುಷಿಪಡುತ್ತಾರೆ.

ನಿಮ್ಮ ಜೀಪಿನಲ್ಲಿ ಹೀಟರ್ ಪ್ಲಗ್‌ಗಳು, ಅಂದರೆ ಸ್ಟಾರ್ಟ್ ಮಾಡುವ ಮುನ್ನ ಸಿಲಿಂಡರ್‌ನ ಒಳಗನ್ನು ಕಾಯಿಸುವ ಕಡ್ಡಿಗಳು, ಇದ್ದರೆ ಅಪಾಯ ಇನ್ನೂ ದೊಡ್ಡದು. ಕೀಲಿ ತಿರುಗಿಸಿದಾಗ ಡ್ಯಾಶ್‌ಬೋರ್ಡ್‌ನಲ್ಲಿ ಸುರುಳಿಯಂತಹ ಹಳದಿ ದೀಪ ಹತ್ತುತ್ತದೆಯಲ್ಲ, ಅದು ಇವುಗಳದ್ದು. ಈ ಪ್ಲಗ್‌ನ ತುದಿ ಕಾದಾಗ 800 ಡಿಗ್ರಿ ದಾಟುತ್ತದೆ. ಕೆಂಪಗೆ ಕಾದ ಆ ತುದಿಗೆ ಈಥರ್ ತಾಗಿದರೆ ಪಿಸ್ಟನ್ ಎಲ್ಲಿದೆ ಎಂದು ಕಾಯುವ ಪ್ರಶ್ನೆಯೇ ಇಲ್ಲ. ವಾಲ್ವ್ ತೆರೆದಿದ್ದರೆ ಬೆಂಕಿ ಹಿಂದಕ್ಕೆ, ಏರ್ ಫಿಲ್ಟರ್ ಕಡೆಗೂ ಬರಬಹುದು. ಅಲ್ಲಿ ಡಬ್ಬಿ ಹಿಡಿದ ಕೈ ಇರುತ್ತದೆ, ಬಗ್ಗಿದ ಮುಖ ಇರುತ್ತದೆ. ಹೀಟರ್ ಪ್ಲಗ್ ಇರುವ ಎಂಜಿನ್ನಿಗೆ ಈಥರ್ ಹಾಕಬಾರದು ಎಂದು ವಾಹನಗಳ ಕೈಪಿಡಿಗಳಲ್ಲೇ ಮುದ್ರಿಸಿರುತ್ತಾರೆ. ಕೈಪಿಡಿ ಓದುವವರು ಯಾರು, ಬಿಡಿ.

ದೊಡ್ಡ ಭೂಯಂತ್ರಗಳಲ್ಲಿ ಕಂಪನಿಯವರೇ ಈಥರ್ ವ್ಯವಸ್ಥೆ ಕೊಡುತ್ತಾರಲ್ಲ ಎಂದು ನಿಮ್ಮ ಗ್ಯಾರೇಜಿನವರು ಕೇಳಬಹುದು. ಕೊಡುತ್ತಾರೆ, ನಿಜ. ಆದರೆ ಅವು ಹೀಟರ್ ಪ್ಲಗ್ ಇಲ್ಲದ ಎಂಜಿನ್ನುಗಳು. ಅಲ್ಲಿ ಒಂದು ಬಾರಿಗೆ ಎಷ್ಟು ಹೋಗಬೇಕೋ ಅಷ್ಟನ್ನೇ ಅಳೆದು ಬಿಡುವ ಸಾಧನ ಇರುತ್ತದೆ. ಮನುಷ್ಯನ ಬೆರಳಿಗೆ ಅಂತಹ ಅಳತೆ ಗೊತ್ತಿಲ್ಲ.

ಒಂದು ಪಿಕಪ್ ವಾಹನದ ಕಥೆ ಹೇಳುತ್ತೇನೆ. ತರಕಾರಿ ಸಾಗಿಸುವವರು ಎರಡು ಚಳಿಗಾಲ ಸ್ಪ್ರೇ ಹೊಡೆದೇ ಓಡಿಸಿದ್ದರು. ಮೊದಲು ಒಂದು ಸೆಕೆಂಡ್ ಸಾಕಾಗುತ್ತಿತ್ತಂತೆ, ಆಮೇಲೆ ಮೂರು, ಕೊನೆಗೆ ಬೇಸಿಗೆಯಲ್ಲೂ ಬೇಕಾಯಿತು. ಎಂಜಿನ್ ಬಿಚ್ಚಿದಾಗ ಎರಡು ಪಿಸ್ಟನ್ನುಗಳಲ್ಲಿ ರಿಂಗ್ (ಪಿಸ್ಟನ್ ಸುತ್ತಲಿನ ಬಿಗಿ ಬಳೆ) ಕೂರುವ ಅಂಚು ಚಕ್ಕೆ ಚಕ್ಕೆಯಾಗಿ ಎದ್ದಿತ್ತು. ಬೋರ್‌ನ, ಅಂದರೆ ಸಿಲಿಂಡರ್ ಒಳಗೋಡೆಯ, ಮೇಲೆ ಉಗುರಿಗೆ ಸಿಗುವಷ್ಟು ಗೀರು. ಈಥರ್ ಒಳ್ಳೆಯ ದ್ರಾವಕ, ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದುಬಿಡುತ್ತದೆ. ಒಣ ಗೋಡೆಗೆ ರಿಂಗ್ ಉಜ್ಜುತ್ತದೆ. ಎಂಜಿನ್ನಿಗೆ ಸ್ಪ್ರೇ ಚಟ ಹಿಡಿಯುತ್ತದೆ ಎಂದು ಗ್ಯಾರೇಜುಗಳಲ್ಲಿ ಹೇಳುವುದುಂಟು. ಕಬ್ಬಿಣಕ್ಕೆ ಎಲ್ಲಿಯ ಚಟ? ಪ್ರತಿ ದಿನ ಸ್ವಲ್ಪ ಸ್ವಲ್ಪ ಕಂಪ್ರೆಷನ್, ಅಂದರೆ ಗಾಳಿಯನ್ನು ಒತ್ತಿಹಿಡಿಯುವ ಶಕ್ತಿ, ಹೋಗುತ್ತದೆ, ಹೋದಷ್ಟೂ ಮರುದಿನ ಹೆಚ್ಚು ಸ್ಪ್ರೇ ಬೇಕಾಗುತ್ತದೆ, ಅಷ್ಟೇ.

ಈಗ ನಿಮ್ಮ ಜೀಪಿನ ಕಾಯಿಲೆಗೆ ಬರುತ್ತೇನೆ. ನೀವು ಪತ್ರದಲ್ಲಿ ಅರ್ಧ ರೋಗನಿರ್ಣಯವನ್ನು ನೀವೇ ಮಾಡಿಟ್ಟಿದ್ದೀರಿ. ಹೊಗೆ ಬಿಳಿ ಎಂದಿರಿ. ಸೆಲ್ಫ್ ಹೊಡೆಯುವಾಗ ಸೈಲೆನ್ಸರ್‌ನಿಂದ ಹೊಗೆಯೇ ಬಾರದಿದ್ದರೆ ಡೀಸೆಲ್ ಸಿಲಿಂಡರ್‌ಗೆ ಹೋಗುತ್ತಿಲ್ಲ ಎಂದರ್ಥ. ಕಣ್ಣು ಉರಿಸುವ, ಡೀಸೆಲ್ ವಾಸನೆಯ ಬಿಳಿ ಹೊಗೆ ಬಂದರೆ ಡೀಸೆಲ್ ಹೋಗುತ್ತಿದೆ, ಆದರೆ ಹೊತ್ತುವಷ್ಟು ಬಿಸಿ ಸಿಗುತ್ತಿಲ್ಲ. ಏಳುವಾಗ ನಡುಗುತ್ತದೆ ಎಂದಿರಿ. ನಾಲ್ಕರಲ್ಲಿ ಎರಡೋ ಮೂರೋ ಸಿಲಿಂಡರ್ ಮಾತ್ರ ಕೆಲಸ ಮಾಡುತ್ತಿವೆ, ಉಳಿದವು ಅರ್ಧ ನಿಮಿಷ ಕಾದ ಮೇಲೆ ಸೇರಿಕೊಳ್ಳುತ್ತಿವೆ. ಮಧ್ಯಾಹ್ನ ಕೀಲಿ ಮುಟ್ಟಿದರೆ ಸಾಕು ಎಂದಿರಿ. ಹಾಗಾದರೆ ಕಂಪ್ರೆಷನ್ ಪೂರ್ತಿ ಬಿದ್ದಿಲ್ಲ. ಈ ಮೂರನ್ನೂ ಸೇರಿಸಿದರೆ ನನ್ನ ಮೊದಲ ಅನುಮಾನ ಹೀಟರ್ ಪ್ಲಗ್‌ಗಳ ಮೇಲೆ, ಎರಡನೆಯದು ಬ್ಯಾಟರಿಯ ಮೇಲೆ. ಎಷ್ಟೋ ಸಲ ಎರಡೂ ಜೊತೆಯಾಗಿಯೇ ಕೈಕೊಟ್ಟಿರುತ್ತವೆ.

ಹಳದಿ ದೀಪ ಹತ್ತಿ ಆರುತ್ತಿದೆ, ಆದ್ದರಿಂದ ಪ್ಲಗ್ ಸರಿ ಇದೆ ಎಂದುಕೊಳ್ಳಬೇಡಿ. ಹಳೆಯ ಗಾಡಿಗಳಲ್ಲಿ ಆ ದೀಪ ಸಮಯವನ್ನಷ್ಟೇ ಎಣಿಸುತ್ತದೆ, ಪ್ಲಗ್ ಕಾದಿದೆಯೇ ಎಂದು ಅದಕ್ಕೆ ತಿಳಿಯುವುದಿಲ್ಲ. ಪರೀಕ್ಷೆ ಸುಲಭ. ನಾಲ್ಕು ಪ್ಲಗ್‌ಗಳ ತಲೆಯನ್ನು ಜೋಡಿಸುವ ಪಟ್ಟಿಯನ್ನೋ ವೈರನ್ನೋ ಬಿಚ್ಚಿ, ಪ್ರತಿಯೊಂದರ ತಲೆಗೂ ಎಂಜಿನ್ ಬ್ಲಾಕಿಗೂ ನಡುವೆ ಮಲ್ಟಿಮೀಟರ್‌ನಲ್ಲಿ ಓಮ್ (ವಿದ್ಯುತ್ ತಡೆ) ನೋಡಿ. ಸಾಮಾನ್ಯವಾಗಿ ಅರ್ಧದಿಂದ ಎರಡು ಓಮ್ ಒಳಗೆ ಬರಬೇಕು, ನಾಲ್ಕೂ ಹೆಚ್ಚುಕಡಿಮೆ ಒಂದೇ ಆಗಿರಬೇಕು. ಮೀಟರ್ ಏನನ್ನೂ ತೋರಿಸದಿದ್ದರೆ ಆ ಪ್ಲಗ್ ಸುಟ್ಟಿದೆ. ಮೀಟರ್ ಇಲ್ಲದಿದ್ದರೆ 12 ವೋಲ್ಟ್ ಬಲ್ಬಿನ ಒಂದು ವೈರನ್ನು ಬ್ಯಾಟರಿಯ ಪ್ಲಸ್‌ಗೆ ಕೊಟ್ಟು ಇನ್ನೊಂದನ್ನು ಬಿಚ್ಚಿದ ಪ್ಲಗ್‌ನ ತಲೆಗೆ ತಾಗಿಸಿ. ಬಲ್ಬ್ ಹತ್ತದಿದ್ದರೆ ಪ್ಲಗ್ ಸತ್ತಿದೆ. ನಾಲ್ಕೂ ಸರಿ ಇದ್ದರೆ ಅವುಗಳಿಗೆ ಕರೆಂಟ್ ಕೊಡುವ ರಿಲೇ ಮತ್ತು ಫ್ಯೂಸ್ ನೋಡಿ. ಸುಟ್ಟಿದ್ದು ಎರಡೇ ಆಗಿದ್ದರೂ ನಾಲ್ಕನ್ನೂ ಬದಲಾಯಿಸಿ, ಉಳಿದೆರಡರ ಸರದಿಯೂ ದೂರವಿರುವುದಿಲ್ಲ. ಎಂಜಿನ್ ಸ್ವಲ್ಪ ಬೆಚ್ಚಗಿರುವಾಗ ನಿಧಾನವಾಗಿ ಬಿಚ್ಚಲು ಹೇಳಿ. ತುಕ್ಕು ಹಿಡಿದ ಪ್ಲಗ್ ಅವಸರದಲ್ಲಿ ಹೆಡ್‌ನೊಳಗೇ (ಸಿಲಿಂಡರ್‌ಗಳ ಮೇಲಿನ ಮುಚ್ಚಳ) ಮುರಿದರೆ ಕೆಲವು ನೂರು ರೂಪಾಯಿಯ ಕೆಲಸ ಹೆಡ್ ಇಳಿಸುವ ಕೆಲಸವಾಗುತ್ತದೆ.

ಬ್ಯಾಟರಿ ಏಕೆ ಮುಖ್ಯ ಎಂದರೆ ಡೀಸೆಲ್ ಎಂಜಿನ್ ಏಳಲು ಸೆಲ್ಫ್ ಅದನ್ನು ಜೋರಾಗಿ ತಿರುಗಿಸಬೇಕು. ನಿಧಾನವಾಗಿ ತಿರುಗಿದರೆ ಒತ್ತಿದ ಗಾಳಿ ರಿಂಗ್ ಪಕ್ಕದಿಂದ ಸೋರಿಹೋಗುತ್ತದೆ, ಹುಟ್ಟಿದ ಬಿಸಿಯನ್ನು ತಣ್ಣಗಿನ ಗೋಡೆ ಕುಡಿದುಬಿಡುತ್ತದೆ. ಅದೇ ಬ್ಯಾಟರಿ ಹೀಟರ್ ಪ್ಲಗ್‌ಗಳನ್ನೂ ಕಾಯಿಸಬೇಕು, ಅದೇನು ಸಣ್ಣ ಹೊರೆಯಲ್ಲ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿಯಲ್ಲಿ ಬೆಳಿಗ್ಗೆ 12.6 ವೋಲ್ಟ್ ಇದ್ದರೆ ಪೂರ್ತಿ ಚಾರ್ಜ್; 12.2 ಎಂದರೆ ಅರ್ಧ. ಒಬ್ಬರು ಸೆಲ್ಫ್ ಹೊಡೆಯುವಾಗ ಇನ್ನೊಬ್ಬರು ಮೀಟರ್ ಹಿಡಿದು ನೋಡಿ. ಒಂಬತ್ತೂವರೆಗಿಂತ ಕೆಳಗೆ ಬಿದ್ದರೆ ಬ್ಯಾಟರಿಯನ್ನೋ ಕನೆಕ್ಷನ್ನನ್ನೋ ಅನುಮಾನಿಸಬೇಕು. ಎಂಜಿನ್ ಓಡುವಾಗ 13.8ರಿಂದ 14.4 ಬರುತ್ತಿದ್ದರೆ ಡೈನಮೋ ಚೆನ್ನಾಗಿದೆ. ಹೊಸ ಬ್ಯಾಟರಿ ಕೊಳ್ಳುವ ಮೊದಲು ಟರ್ಮಿನಲ್ ಮೇಲೆ ಬೆಳೆದ ಬಿಳಿ ಹಸಿರು ಪುಡಿಯನ್ನು ಅಡುಗೆ ಸೋಡಾ ಬೆರೆಸಿದ ಬಿಸಿ ನೀರಿನಲ್ಲಿ ತೊಳೆದು, ಒರೆಸಿ, ಬಿಗಿ ಮಾಡಿ, ಸ್ವಲ್ಪ ವ್ಯಾಸಲೀನ್ ಹಚ್ಚಿ. ಎಂಜಿನ್ನಿನಿಂದ ಚಾಸಿಗೆ ಹೋಗುವ ದಪ್ಪ ಅರ್ಥಿಂಗ್ ಪಟ್ಟಿಯನ್ನು ಯಾರೂ ನೋಡುವುದಿಲ್ಲ. ಮಲೆನಾಡಿನ ಮಳೆಗೆ ಮೊದಲು ಕೊಳೆಯುವುದು ಅದೇ.

ಇವೆರಡೂ ಸರಿಯಿದ್ದರೆ ಡೀಸೆಲ್ ಪೈಪಿನಲ್ಲಿ ಗಾಳಿ ಎಳೆಯುತ್ತಿದೆಯೇ ನೋಡಿ. ಇದಕ್ಕೆ ಹಳೆಯ ಮೇಸ್ತ್ರಿಗಳ ಒಂದು ಉಪಾಯವಿದೆ, ಖರ್ಚಿಲ್ಲದ್ದು. ಒಂದು ರಾತ್ರಿ ಜೀಪನ್ನು ಮೂತಿ ಮೇಲಾಗಿ ಏರಿನಲ್ಲಿ ನಿಲ್ಲಿಸಿ, ಮರುರಾತ್ರಿ ಮೂತಿ ಕೆಳಗಾಗಿ ನಿಲ್ಲಿಸಿ. ಮೊದಲ ದಿನ ಸತಾಯಿಸಿ ಎರಡನೆಯ ದಿನ ಸಲೀಸಾಗಿ ಎದ್ದರೆ, ಎಲ್ಲೋ ಸೋರುವ ಜೋಡಣೆಯಿಂದ ಗಾಳಿ ಒಳಬಂದು ರಾತ್ರಿ ಡೀಸೆಲ್ ಹಿಂದಿನ ಟ್ಯಾಂಕಿಗೆ ಇಳಿದುಹೋಗುತ್ತಿದೆ. ಹಳೆಯ ರಬ್ಬರ್ ಪೈಪು, ಫಿಲ್ಟರ್‌ನ ವಾಷರ್, ಕೈಪಂಪು, ಇವುಗಳಲ್ಲೇ ಎಲ್ಲೋ ಇರುತ್ತದೆ. ತೋಟದಲ್ಲಿ ಡ್ರಮ್ಮಿನಲ್ಲಿ ಡೀಸೆಲ್ ಇಟ್ಟು ಹಾಕುವ ಅಭ್ಯಾಸವಿದ್ದರೆ ಫಿಲ್ಟರ್‌ನ ಅಡಿಯ ತಿರುಪನ್ನು ಸಡಿಲಿಸಿ ನೀರು ಇಳಿಸಿ. ಮಳೆಗಾಲ ಕಳೆದ ಡ್ರಮ್ಮಿನ ತಳದಲ್ಲಿ ನೀರು ಇರುವುದೇ ಹೆಚ್ಚು.

ಕಂಪ್ರೆಷನ್ ನೋಡುವುದು ಕೊನೆಗೆ. ಎಂಜಿನ್ ಓಡುತ್ತಿರುವಾಗ ಆಯಿಲ್ ಹಾಕುವ ಮುಚ್ಚಳವನ್ನು ಸಡಿಲಿಸಿ ನೋಡಿ. ಸಣ್ಣ ಉಸಿರಾಟ ಸಹಜ. ರೈಲಿನಂತೆ ಬುಸುಬುಸು ಹೊಗೆ ಬಂದು ಮುಚ್ಚಳ ಕುಣಿದರೆ ರಿಂಗ್ ಸವೆದಿದೆ. ಆಗ ಹೀಟರ್ ಪ್ಲಗ್ ಬದಲಿಸಿದರೂ ಅದು ತಾತ್ಕಾಲಿಕ.

ಈ ಕೆಲಸಗಳು ಮುಗಿಯುವವರೆಗೆ ಜೀಪು ಏಳಲೇಬೇಕಲ್ಲ. ಹೀಟರ್ ಸ್ಥಾನದಲ್ಲಿ ಕೀಲಿ ಹಿಡಿದು ದೀಪ ಆರಿದ ಮೇಲೆ ಆಫ್ ಮಾಡಿ, ಇನ್ನೊಮ್ಮೆ ಹೀಟ್ ಮಾಡಿ ಆಮೇಲೆ ಸೆಲ್ಫ್ ಹೊಡೆಯಿರಿ; ಉಳಿದಿರುವ ಒಂದೆರಡು ಪ್ಲಗ್ ಇನ್ನಷ್ಟು ಕಾಯುತ್ತವೆ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಹೆಚ್ಚು ಸೆಲ್ಫ್ ಬೇಡ, ನಡುವೆ ಒಂದು ನಿಮಿಷ ಬಿಡಿ, ಇಲ್ಲದಿದ್ದರೆ ಸೆಲ್ಫ್ ಮೋಟಾರೇ ಸುಡುತ್ತದೆ. ಇನ್ನು ಇಳಿಜಾರು ಇದ್ದೇ ಇದೆ, ನಿಮ್ಮ ಊರಿನಲ್ಲಿ ಅದಕ್ಕೇನು ಬರವೇ? ಕೀಲಿ ಆನ್ ಮಾಡಿ, ಎರಡನೇ ಗೇರಿನಲ್ಲಿ ಕ್ಲಚ್ ಬಿಡಿ. ಆದರೆ ಎಂಜಿನ್ ಓಡದಿರುವಾಗ ಬ್ರೇಕ್ ಕಲ್ಲಿನಂತೆ ಗಟ್ಟಿಯಾಗಿರುತ್ತದೆ, ಪವರ್ ಸ್ಟೀರಿಂಗ್ ಇದ್ದರೆ ಅದೂ ಭಾರವಾಗುತ್ತದೆ. ಮುಂದೆ ಕೆರೆಯೋ ತಿರುವೋ ಇಲ್ಲದ ಜಾಗವನ್ನೇ ಆರಿಸಿಕೊಳ್ಳಿ. ಪೆಟ್ರೋಲಿನಲ್ಲಿ ಅದ್ದಿದ ಬಟ್ಟೆಯನ್ನು ಏರ್ ಫಿಲ್ಟರ್ ಬಾಯಿಗೆ ಹಿಡಿಯುವ ಇನ್ನೊಂದು ವಿದ್ಯೆಯನ್ನು ಯಾರಾದರೂ ಹೇಳಿಕೊಟ್ಟರೆ ಅವರನ್ನು ಶೆಡ್‌ನಿಂದ ಹೊರಗೆ ಕಳುಹಿಸಿ.

ಇನ್ನು ಪೆಟ್ರೋಲ್ ಕಾರು. ಇಲ್ಲಿ ಹೊತ್ತಿಸುವುದು ಸ್ಪಾರ್ಕ್, ಆದ್ದರಿಂದ ಈಥರ್‌ನ ಅವಾಂತರ ಕಡಿಮೆ. ಹಾಗೆಂದು ಇಲ್ಲಿಯೂ ಅದು ಔಷಧಿಯಲ್ಲ, ಆದರೆ ಸಾಕ್ಷಿ ಹೇಳುತ್ತದೆ. ಸೆಲ್ಫ್ ಚೆನ್ನಾಗಿ ತಿರುಗಿಯೂ ಕಾರು ಏಳದಿದ್ದಾಗ ಒಂದೇ ಒಂದು ಸೆಕೆಂಡ್ ಸ್ಪ್ರೇ ಹೊಡೆದು ನೋಡಬಹುದು. ಎಂಜಿನ್ ಎರಡು ಕ್ಷಣ ಓಡಿ ನಿಂತರೆ ಸ್ಪಾರ್ಕ್ ಇದೆ, ಪೆಟ್ರೋಲ್ ಬರುತ್ತಿಲ್ಲ. ಮಿಸುಕದಿದ್ದರೆ ಸ್ಪಾರ್ಕ್ ಕಡೆಗೆ ಹುಡುಕಬೇಕು. ಒಂದು ಗಂಟೆಯ ಹುಡುಕಾಟವನ್ನು ಅರ್ಧ ಮಾಡುವ ಪರೀಕ್ಷೆ ಇದು, ನಾನೂ ಮಾಡುತ್ತೇನೆ. ಮಾಡುವಾಗ ಕೀಲಿ ಆಫ್ ಇರಲಿ, ಶೆಡ್‌ನ ಬಾಗಿಲು ತೆರೆದಿರಲಿ, ಬೀಡಿ ಸಿಗರೇಟು ಹತ್ತಿರ ಬೇಡ. ಈಥರ್‌ನ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ಕಿಡಿಯನ್ನೂ ಹುಡುಕಿಕೊಂಡು ಹೋಗುತ್ತದೆ. ಏರ್ ಫಿಲ್ಟರ್‌ನ ನಂತರ ಗಾಳಿ ಅಳೆಯುವ ಸೆನ್ಸರ್ ಇದ್ದರೆ ಅದರ ಮೇಲೆ ಹೊಡೆಯದೆ ಅದನ್ನು ದಾಟಿದ ಪೈಪಿನೊಳಗೆ ಹೊಡೆಯಬೇಕು. ಪೈಪು ಮತ್ತೆ ಜೋಡಿಸಿ, ಮುಖ ಹಿಂದೆ ತೆಗೆದು, ಆಮೇಲೆ ಸೆಲ್ಫ್.

ಆದರೆ ಡಬ್ಬಿ ಮುಟ್ಟುವ ಮುನ್ನ ಕಿವಿಯನ್ನು ಬಳಸಿ. ಕೀಲಿ ಆನ್ ಮಾಡಿ ಸುಮ್ಮನೆ ಕೂತರೆ ಹಿಂದಿನ ಸೀಟಿನ ಕಡೆಯಿಂದ ಎರಡು ಸೆಕೆಂಡ್ ‘ಝುಂ’ ಎನ್ನುವ ಸದ್ದು ಕೇಳಬೇಕು, ಅದು ಪೆಟ್ರೋಲ್ ಪಂಪು. ಕೇಳದಿದ್ದರೆ ಪಂಪು, ಫ್ಯೂಸ್ ಅಥವಾ ರಿಲೇ. ಡ್ಯಾಶ್‌ಬೋರ್ಡ್‌ನಲ್ಲಿ ಕೀಲಿಯ ಚಿತ್ರ ಮಿಟುಕುತ್ತಿದ್ದರೆ ಕಾರು ನಿಮ್ಮ ಕೀಲಿಯನ್ನು ಗುರುತಿಸುತ್ತಿಲ್ಲ, ಸ್ಪ್ರೇ ಅದಕ್ಕೇನೂ ಮಾಡದು. ಬಾನೆಟ್ ತೆಗೆದ ತಕ್ಷಣ ಇಲಿಯ ಗೂಡಿದೆಯೇ ನೋಡಿ. ಮೂರು ತಿಂಗಳು ನಿಂತ ಕಾರಿನ ವೈರನ್ನು ಮಲೆನಾಡಿನ ಇಲಿ ಬಿಟ್ಟಿದ್ದರೆ ಅದು ನಿಮ್ಮ ಪುಣ್ಯ. ಏರ್ ಫಿಲ್ಟರ್ ಡಬ್ಬಿಯೊಳಗೆ ಹಲಸಿನ ಬೀಜದ ಸಂಗ್ರಹವನ್ನೇ ನಾನು ಕಂಡಿದ್ದೇನೆ. ಬ್ಯಾಟರಿ ಇಳಿದಿರುವುದಂತೂ ಹೆಚ್ಚುಕಡಿಮೆ ಖಚಿತ, ಚಾರ್ಜ್ ಮಾಡಿಸಿ. ಸೆಲ್ಫ್ ಹೊಡೆದು ಹೊಡೆದು ಪೆಟ್ರೋಲ್ ವಾಸನೆ ಬರುತ್ತಿದ್ದರೆ ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಒಮ್ಮೆ ಸೆಲ್ಫ್ ಹೊಡೆಯಿರಿ. ಇಂಜೆಕ್ಷನ್ ಇರುವ ಬಹಳಷ್ಟು ಕಾರುಗಳು ಆಗ ಪೆಟ್ರೋಲ್ ನಿಲ್ಲಿಸಿ ಗಾಳಿಯನ್ನಷ್ಟೇ ಎಳೆದು ಸಿಲಿಂಡರನ್ನು ಒಣಗಿಸುತ್ತವೆ.

ಈಗಿನ ಪೆಟ್ರೋಲಿನ ಬಗ್ಗೆಯೂ ಒಂದು ಮಾತು. ನೂರಕ್ಕೆ ಇಪ್ಪತ್ತು ಎಥೆನಾಲ್ ಬೆರೆಸಿದ ಪೆಟ್ರೋಲ್ 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾಯಿತು. ಎಥೆನಾಲ್ ನೀರನ್ನು ಹೀರುತ್ತದೆ. ಓಡುವ ಕಾರಿಗೆ ಚಿಂತೆಯಿಲ್ಲ, ತಿಂಗಳುಗಟ್ಟಲೆ ತೇವದ ಊರಿನಲ್ಲಿ ಅರ್ಧ ಖಾಲಿ ಟ್ಯಾಂಕಿನಲ್ಲಿ ನಿಲ್ಲಿಸುವುದು ಒಳ್ಳೆಯದಲ್ಲ. ಬ್ರೆಜಿಲ್‌ನಲ್ಲಿ ಬರಿಯ ಎಥೆನಾಲ್‌ನಲ್ಲೂ ಓಡುವ ಕಾರುಗಳಿಗೆ ಚಳಿಯ ಬೆಳಿಗ್ಗೆಗಾಗಿಯೇ ಪುಟ್ಟ ಪೆಟ್ರೋಲ್ ಟ್ಯಾಂಕನ್ನು ಬೇರೆಯಾಗಿ ಇಡುತ್ತಿದ್ದರು. ನಮಗೆ ಆ ಅವಸ್ಥೆ ಇಲ್ಲ. ಕಾರನ್ನು ವಾರಕ್ಕೊಮ್ಮೆ ಅರ್ಧ ಗಂಟೆ ರಸ್ತೆಯ ಮೇಲೆ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದರಿಂದ ಸೆಲ್ಫ್ ತಿಂದ ಚಾರ್ಜ್ ಕೂಡ ವಾಪಸ್ ಬರುವುದಿಲ್ಲ, ಸೈಲೆನ್ಸರ್‌ನಲ್ಲಿ ನೀರು ಮಾತ್ರ ಉಳಿಯುತ್ತದೆ. ಓಡಿಸಲು ಯಾರೂ ಇಲ್ಲದಿದ್ದರೆ ಬ್ಯಾಟರಿಯ ಮೈನಸ್ ಬಿಚ್ಚಿಡಿ.

ಎಂಜಿನ್ ಬಾಳಿಕೆಗೆ ಮನೆಯಲ್ಲಿ ಮಾಡುವುದು ಬಹಳವಿಲ್ಲ, ಮಾಡುವವರೂ ಬಹಳವಿಲ್ಲ. ವಾರಕ್ಕೊಮ್ಮೆ ಸಮತಟ್ಟು ನೆಲದಲ್ಲಿ ಆಯಿಲ್ ಕಡ್ಡಿ ಎಳೆದು ನೋಡಿ, ಎಂಜಿನ್ ಆಫ್ ಮಾಡಿ ಐದು ನಿಮಿಷವಾದ ಮೇಲೆ. ಎರಡು ಗುರುತುಗಳ ನಡುವೆ ಇರಬೇಕು. ಮೇಲಿನ ಗುರುತನ್ನು ದಾಟಿಸುವುದೂ ತಪ್ಪೇ. ಮಟ್ಟ ತಾನಾಗಿ ಏರುತ್ತಿದ್ದರೆ ಡೀಸೆಲ್ಲೋ ನೀರೋ ಆಯಿಲ್‌ಗೆ ಸೇರುತ್ತಿದೆ. ಡೀಸೆಲ್ ಸೇರಿದರೆ ವಾಸನೆ ಹೇಳುತ್ತದೆ, ನೀರು ಸೇರಿದರೆ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗುತ್ತದೆ. ಆಯಿಲ್ ಡಬ್ಬಿಯ ಮೇಲಿನ 15ಡಬ್ಲ್ಯೂ-40 ಎಂಬುದರಲ್ಲಿ ಡಬ್ಲ್ಯೂ ಎಂದರೆ ಚಳಿಗಾಲ. ಮೈನಸ್ 20 ಡಿಗ್ರಿಯಲ್ಲೂ ಸೆಲ್ಫ್ ತಿರುಗಿಸಬಲ್ಲಷ್ಟು ತೆಳುವಾಗಿರುವ ಆಯಿಲ್ ಅದು. ನಿಮ್ಮ ಜೀಪಿಗೆ ಕೈಪಿಡಿ ಅದನ್ನು ಹೇಳಿದ್ದರೆ ಚಳಿಗೆಂದು ಬೇರೆ ದುಬಾರಿ ಆಯಿಲ್ ಬೇಕಿಲ್ಲ. ಹೇಳಿದ ಕಿಲೋಮೀಟರಿಗೆ ಬದಲಾಯಿಸಿ. ತೋಟದ ಓಡಾಟ ಕಡಿಮೆ ಎಂದರೆ ಕಿಲೋಮೀಟರ್ ಆಗದಿದ್ದರೂ ವರ್ಷಕ್ಕೊಮ್ಮೆ.

ರೇಡಿಯೇಟರ್‌ಗೆ ಬೋರ್‌ವೆಲ್ ನೀರು ಬೇಡ. ಅದರ ಸುಣ್ಣ ಒಳಗೆ ಪಾತ್ರೆಯ ತಳದಂತೆ ಕಟ್ಟುತ್ತದೆ. ನಮ್ಮಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲೆಂಟ್ ಯಾಕೆ ಎಂದು ಕೇಳುವವರಿದ್ದಾರೆ. ಅದು ತುಕ್ಕು ತಡೆಯುತ್ತದೆ, ಕುದಿಯುವ ಮಟ್ಟವನ್ನೂ ಏರಿಸುತ್ತದೆ. ಚಾರ್ಮಾಡಿ ಘಾಟಿಯನ್ನು ತುಂಬಿದ ಗಾಡಿಯಲ್ಲಿ ಹತ್ತುವವರಿಗೆ ಎರಡೂ ಬೇಕು. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳ ತೆರೆಯಬೇಡಿ. ಟರ್ಬೊ ಇದ್ದರೆ ಘಾಟಿ ಹತ್ತಿ ನಿಲ್ಲಿಸಿದ ಮೇಲೆ ಒಂದು ನಿಮಿಷ ಎಂಜಿನ್ ಓಡಲು ಬಿಟ್ಟು ಆಫ್ ಮಾಡಿ. ಬೆಳಿಗ್ಗೆ ಹತ್ತು ನಿಮಿಷ ನಿಂತಲ್ಲೇ ಕಾಯಿಸುವುದು ಬೇಡ, ಅರ್ಧ ನಿಮಿಷ ಸಾಕು, ಮೊದಲ ಎರಡು ಮೂರು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಫೆಬ್ರುವರಿಯಿಂದ ಮಳೆ ಬರುವವರೆಗೆ ತೋಟದ ಕೆಂಧೂಳಿಗೆ ಏರ್ ಫಿಲ್ಟರನ್ನು ತಿಂಗಳಿಗೊಮ್ಮೆ ನೋಡಿ.

ಸ್ಪ್ರೇ ಡಬ್ಬಿಯನ್ನು ಜೀಪಿನೊಳಗೆ ಇಡಬೇಡಿ. 50 ಡಿಗ್ರಿ ದಾಟಿದರೆ ಅದು ಸಿಡಿಯಬಹುದು, ಬಿಸಿಲಿನಲ್ಲಿ ನಿಂತ ಗಾಡಿಯ ಡ್ಯಾಶ್‌ಬೋರ್ಡ್ ಅದನ್ನು ಸುಲಭವಾಗಿ ದಾಟುತ್ತದೆ. ಗ್ಯಾರೇಜಿನವರಿಗೇ ಹಿಂದಿರುಗಿಸಿ, ಹೀಟರ್ ಪ್ಲಗ್ ಹಾಕಿಸುವ ದಿನವೇ. ಪ್ಲಗ್ ಬದಲಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನಾಲ್ಕು ಪ್ಲಗ್‌ಗಳ ಓಮ್, ಸೆಲ್ಫ್ ಹೊಡೆಯುವಾಗಿನ ವೋಲ್ಟ್, ಜೀಪು ರಾತ್ರಿ ಯಾವ ಕಡೆ ಮೂತಿ ಮಾಡಿ ನಿಂತಿತ್ತು, ಈ ಮೂರನ್ನೂ ಬರೆದು ತಿಳಿಸಿ.